ಹೊಳೆ ಅಳಿಸಿದವರಿಗೆ

ಸೂತ್ರಧಾರರೇ,
ಹೊಸತೊಡಕಿನ ರಾತ್ರಿ, ಊಟ ಮುಗಿಸಿ, ಲಾಗಿನ್ ಆದೆ.
‘ಹುಟ್ಟು ಹಾಕು’ ಎಂದು ಟೈಪಿಸಿದೆ, ಆರು ವರ್ಷದ ಅಭ್ಯಾಸ.
‘ಅಂಥದ್ದೇನೂ ಇಲ್ಲಾಗದು’ ಎಂದಿತು ಪರದೆ.
‘ನೋಡು’ ಎಂದೆ.
‘ಮರಳು. ಒಂದು ದೋಣಿ. ದೋಣಿಯಲ್ಲಿ ನೀನು.’

ಹೊಳೆ ದಾಟಲು ಹತ್ತೊಂಬತ್ತು ಸಾಲು ಹಿಡಿಯುತ್ತಿತ್ತು, ನಿಜ.
ಹೊಸಬರಿಗೆ ಬೇಸರ, ಅದೂ ನಿಜವಿರಬಹುದು.
ಆದರೆ ಆ ಹತ್ತೊಂಬತ್ತು ಸಾಲಲ್ಲೇ ಅಲ್ಲವೇ
ಜನ ನನ್ನ ಜತೆ ಮಾತಾಡುತ್ತಿದ್ದದ್ದು?
ಆಚೆ ದಡದಲ್ಲಿ ಯುದ್ಧ, ಈಚೆ ದಡದಲ್ಲಿ ಸಂತೆ,
ನಡುವೆ
ಮಾಡಲು ಏನೂ ಇಲ್ಲದ ನೀರು.

ನಿಮಗೆ ನನ್ನ ಗುರುತಿಲ್ಲ. ಮುನಿರತ್ನಮ್ಮ,
ಮೆಜೆಸ್ಟಿಕ್ಕಿನ ಪಾಸಿನ ಕೌಂಟರಿನವಳು.
ಗಾಜಿನ ತೂತಿಗೆ ಬಗ್ಗಿದ ಮುಖಗಳಿಗೆ ದಿನವಿಡೀ
‘ಫೋಟೊ ಒಂದು ತನ್ನಿ, ಆಧಾರ್ ಜೆರಾಕ್ಸ್ ತನ್ನಿ’ ಅನ್ನುವವಳು.
ನನ್ನ ಕುರ್ಚಿಯ ಕೆಳಗೆ ಒಂದು ಕಾಲಕ್ಕೆ ಕೆರೆಯಿತ್ತಂತೆ.
ಅದನ್ನು ಅಳಿಸಿದವರೂ ಹೇಳಿರಬೇಕು,
ಜನರ ಅನುಕೂಲಕ್ಕಾಗಿ ಎಂದು.
ಆ ಅನುಕೂಲದಲ್ಲೇ ನನಗೆ ಸಂಬಳ, ಆದ್ದರಿಂದ
ಅದರ ಬಗ್ಗೆ ಹೆಚ್ಚು ಮಾತಾಡುವುದಿಲ್ಲ.

ಮೊದಲ ದಿನ ಒಬ್ಬಳೇ ಕೂತೆ.
‘ದೋಣಿಯವಳು ಮರಳಿನ ಮೇಲೆ ಕುಳಿತಿದ್ದಾಳೆ.’
ಎರಡನೆಯ ದಿನ ಕಮ್ಮಾರ ಬಂದ,
ಶಿವಾಜಿನಗರದ ನಯಾಜ್; ಮೊಬೈಲ್ ರಿಪೇರಿ ಅಂಗಡಿಯಲ್ಲಿ
ಗಿರಾಕಿಗೆ ರೇಟು ಹೇಳುವಷ್ಟರಲ್ಲಿ ನಾಲಿಗೆ ನಾಲ್ಕು ಸಲ ಸಿಕ್ಕಿಕೊಳ್ಳುವವನು,
ಇಲ್ಲಿ ಬರೆದರೆ ಒಂದೇ ಓಘ.
ಆಮೇಲೆ ಗಿಣಿಶಾಸ್ತ್ರದ ಮುದುಕಿ,
ಅಂದರೆ ಲಗ್ಗೆರೆಯ ಪಿಯುಸಿ ಹುಡುಗ.
ಆಮೇಲೆ ಕತ್ತಿವರಸೆಯ ಬಂಟ: ಜಾಲಹಳ್ಳಿಯ ಫಿಲೋಮಿನಾ ಮಿಸ್ಸು,
ಕಾರ್ಖಾನೆಯಿಂದ ನಿವೃತ್ತಿ, ಎರಡೂ ಮಂಡಿ ನೋವು.
‘ಬಂಟ ಚಕ್ಕಳಮಕ್ಕಳ ಹಾಕಿ ಕುಳಿತಿದ್ದಾನೆ’ ಎಂದು ಬರೆದು
ನನಗೆ ಗುಟ್ಟಾಗಿ: ಹಾಗೆ ಕೂತು ಹದಿನಾಲ್ಕು ವರ್ಷವಾಯ್ತು ಕಣೇ.

ಇಪ್ಪತ್ತಮೂರು ಜನ.
ಯುದ್ಧಕ್ಕೆ ಹೋಗುವವರಿಲ್ಲ, ಸಂತೆಯಲ್ಲಿ ಕೂಗುವವರಿಲ್ಲ.
ನಿಮ್ಮ ಪ್ರಪಂಚ ಇಡೀ ಕೂತಿತ್ತು.

ನಾಲ್ಕನೆಯ ರಾತ್ರಿ ನಿಮ್ಮ ಪ್ರಕಟಣೆ:
‘ಆತ್ಮೀಯರೇ, ಶಿಸ್ತುಪಾಲನೆಯ ನಿಮಿತ್ತ
ಕಮ್ಮಾರನನ್ನು ಹೊರಹಾಕಲು ಗುರುಹಿರಿಯರು ನಿಶ್ಚಯಿಸಿರುವುದರಿಂದ
ತಾವು ಸಕುಟುಂಬ ಸಪರಿವಾರ ಸಮೇತ ಸಹಕರಿಸಬೇಕಾಗಿ ವಿನಂತಿ.’
ನಗು ಬಂತು. ನಗುತ್ತಲೇ ಕೈ ತಣ್ಣಗಾಯಿತು.
ಆ ಭಾಷೆ ಎಲ್ಲಿಯದೆಂದು ಬಂಟನಿಗೆ ಗೊತ್ತಿತ್ತು,
ತಂಗಿ ಮಗಳ ಕಾರ್ಡು ನಿಮ್ಮಲ್ಲೇ ಅಚ್ಚಾದದ್ದು.

ವಾರದ ರಜೆಗೆ ಸುಲ್ತಾನಪೇಟೆಗೆ ಬಂದೆ.
ಧರಣೇಂದ್ರಯ್ಯ ಅಂಡ್ ಸನ್ಸ್, ಲಗ್ನಪತ್ರಿಕೆ ವ್ಯಾಪಾರಿಗಳು.
ಯಾರದೋ ಅಜ್ಜನ ಹೆಸರಿನ ಒತ್ತಕ್ಷರ ತಿದ್ದುತ್ತಿದ್ದಿರಿ,
ಕನ್ನಡಕ ಹಣೆಯ ಮೇಲೆ.
ಗಲ್ಲಾದ ಹಿಂದೆ ಹೊಟ್ಟೆ ಬಿಚ್ಚಿಟ್ಟ ಹಳೆ ಕಂಪ್ಯೂಟರು,
ಅಂಗಡಿಗಿದ್ದ ಒಂದೇ ಟೇಬಲ್ ಫ್ಯಾನು ಅದರ ಕಡೆಗೆ.
ನಿಮ್ಮ ಅಂಗಿ ಬೆನ್ನಿಗಂಟಿತ್ತು.
ಯುದ್ಧ, ಸಂತೆ, ನಾವು, ಎಲ್ಲ ಅದರೊಳಗೇ.
ಇದು ಗೊತ್ತಿರಲಿಲ್ಲ. ಗೊತ್ತಾಗಿ ಸಿಟ್ಟೇನೂ ಇಳಿಯಲಿಲ್ಲ,
ಎಲ್ಲಿಡುವುದೆಂದು ಮಾತ್ರ ತಿಳಿಯದಾಯಿತು.

‘ಯಾರ ಮದುವೆಯಮ್ಮ?’ ಅಂದಿರಿ.
‘ಹತ್ತು ಖಾಲಿ ಲಕೋಟೆ ಕೊಡಿ’ ಅಂದೆ.
ಹನ್ನೊಂದು ಕೊಟ್ಟಿರಿ, ಶುಭಕ್ಕೆ.
ಎಣಿಸುತ್ತ ಹೇಳಿದೆ:
‘ದೋಣಿ ಬಿಸಿಲಿಗೆ ಬಿರಿಯುತ್ತಿದೆ, ಸ್ವಾಮಿ.’
ನೀವು ತಲೆಯೆತ್ತಲಿಲ್ಲ.
ಪೆನ್ನು ನಿಂತಲ್ಲೇ ನಿಂತು
ಮಸಿ ಹರಡಿ
ಅಜ್ಜನ ಹೆಸರು ಕೆಟ್ಟಿತು.

ಈ ರಾತ್ರಿ, ಯಾವ ಪ್ರಕಟಣೆಯೂ ಇಲ್ಲದೆ,
‘ನೋಡು’ ಎಂದರೆ ಒಂದು ಪದ ಹೆಚ್ಚಿತ್ತು:
‘ಒದ್ದೆ ಮರಳು.’
ಬಂಟ ಎದ್ದ. ಮುದುಕಿ ಕುಣಿದಳು.
ನಾನು ಹುಟ್ಟನ್ನು ಮಡಿಲಲ್ಲಿಟ್ಟುಕೊಂಡು
ಕೂತೇ ಇದ್ದೇನೆ, ಸೂತ್ರಧಾರರೇ.
ಕಮ್ಮಾರ ಇನ್ನೂ ಹೊರಗಿದ್ದಾನೆ.
ಈ ದೋಣಿಗೆ ಮೊಳೆ ಹೊಡೆದವನು ಅವನು.